ಬಿಂದಿಗೆಯ ಮೊದಲ ನೀರು

ಚಾಮರಾಜನಗರದಿಂದ ಬರುವ ಬಸ್ಸು ಶನಿವಾರ ಸಂಜೆ ಐದೂಕಾಲಿಗೆ ಗುಂಡ್ಲುಪೇಟೆ ನಿಲ್ದಾಣ ಮುಟ್ಟುತ್ತದೆ. ಅಲ್ಲಿಂದ ನಮ್ಮ ಮನೆಗೆ ಏಳು ನಿಮಿಷದ ದಾರಿ. ಐದೂವರೆಗೆ ಗೇಟಿನ ಚಿಲಕ ಸದ್ದು ಮಾಡದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಹಿಂದೆ ನನ್ನಲ್ಲಿ ಬಾಡಿಗೆಗಿದ್ದ ನಾಗಮಣಿ ಬರುತ್ತಿದ್ದದ್ದು ನನ್ನನ್ನು ನೋಡಲಿಕ್ಕಲ್ಲ, ನನ್ನ ಮನೆಯಲ್ಲಿ ಬಿಟ್ಟುಹೋಗಿದ್ದ ತನ್ನ ಉಪ್ಪುನೀರಿನ ಮೀನಿನ ಟ್ಯಾಂಕನ್ನು ನೋಡಲಿಕ್ಕೆ. ಅದು ಗೊತ್ತಿದ್ದೂ ಸಿಟ್ಟು ಬರುತ್ತಿತ್ತು.

ನನ್ನ ಹೆಸರು ನೀಲಾವತಿ. ಇಲ್ಲಿನ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಕನ್ನಡ ಟೀಚರ್. ಮದುವೆಯಾಗಲಿಲ್ಲ. ಯಾಕೆಂದು ಹೇಳುತ್ತ ಕೂತರೆ ಈ ಕಥೆ ಮುಗಿಯುವುದಿಲ್ಲ, ಕೇಳುವವರಿಗೂ ಬೇಜಾರು. ಮನೆ ನಾನೇ ಕಟ್ಟಿಸಿದ್ದು. ಪಕ್ಕಕ್ಕೆ ಒಂದು ರೂಮು ಮಾಡಿ ಬಾಡಿಗೆಗೆ ಕೊಡುತ್ತಿದ್ದೆ. ಗೋಡೆಯಾಚೆ ಯಾರಾದರೂ ಕೆಮ್ಮುವುದು, ಪಾತ್ರೆ ಬೀಳಿಸುವುದು ಕೇಳುತ್ತಿರಲಿ ಎಂದೇ ಕೊಡುತ್ತಿದ್ದೆ. ಹಾಗೆಂದು ಯಾರಿಗೂ ಹೇಳಿರಲಿಲ್ಲ.

ನಾಗಮಣಿ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ರೂಮು ಕೇಳಿಕೊಂಡು ಬಂದಳು. ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಊರು ಕುದೇರು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಒಳಗೆ ಕೂರುವ ಮೊದಲೇ, "ನಾವು ಎಸ್ಸಿ, ಟೀಚರಮ್ಮ. ಆಮೇಲೆ ಗೊತ್ತಾಗಿ ನಿಮ್ಗೆ ಬೇಜಾರಾಗದು ಬ್ಯಾಡ ಅಂತ ಮೊದ್ಲೇ ಹೇಳ್ಬುಡ್ತಾ ಇವ್ನಿ," ಎಂದಳು. ಅದನ್ನು ಅವಳು ಎಷ್ಟು ಬಾಗಿಲಲ್ಲಿ ಹೇಳಿ ಬಂದಿದ್ದಳೋ, ಹಾಜರಿ ಕೂಗಿದಂತೆ ಹೇಳಿದಳು. ಆಮೇಲೆ, "ಸಲ್ಪ ನೀರು ಕೊಡ್ತೀರಾ?" ಎಂದಳು.

ಅಡುಗೆಮನೆಯಲ್ಲಿ ನನ್ನ ಅವ್ವನ ತಾಮ್ರದ ಬಿಂದಿಗೆ ಇದೆ. ಅವ್ವ ಹರವೆಯಿಂದ ಮದುವೆಯಾಗಿ ಬರುವಾಗ ತಂದದ್ದು. ರಾತ್ರಿ ತುಂಬಿಸಿಟ್ಟು ಬೆಳಿಗ್ಗೆ ಕುಡಿಯುವುದು ನಮ್ಮಲ್ಲಿ ಪದ್ಧತಿ. ಸೋಮವಾರ ಬೆಳಿಗ್ಗೆ ಹುಣಸೆಹಣ್ಣು ಹಾಕಿ ಬೆಳಗಿ, ವಿಭೂತಿ ಇಟ್ಟು, ಮತ್ತೆ ತುಂಬಿಸಬೇಕು. ಮನೆಯವರಲ್ಲದವರಿಗೆ ಅವ್ವ ಅದನ್ನು ಮುಟ್ಟಲು ಬಿಟ್ಟವಳಲ್ಲ. ಆ ದಿನ ಲೋಟ ಹಿಡಿದ ನನ್ನ ಕೈ ಬಿಂದಿಗೆಯ ಬಾಯಿ ಹತ್ತಿರ ಒಂದು ಗಳಿಗೆ ನಿಂತಿತು. ಪಕ್ಕದಲ್ಲೇ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರಿತ್ತು. ಆಮೇಲೆ ಲೋಟ ಮುಳುಗಿಸಿದೆ, ತಂದು ಕೊಟ್ಟೆ. ಅವಳು ಕುಡಿದು, ಇನ್ನೊಂದು ಲೋಟ ಕೇಳಿದಳು. ನನ್ನ ಕೈ ನಿಂತದ್ದು ಅವಳಿಗೆ ಕಾಣಿಸಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಮಾರನೆಯ ವಾರ ಅವಳ ಸಾಮಾನು ಬಂತು. ಒಂದು ಹಾಸಿಗೆ, ಎರಡು ಬ್ಯಾಗು, ಕಂಬಳಿ ಸುತ್ತಿದ ಎರಡೂವರೆ ಅಡಿಯ ಗಾಜಿನ ತೊಟ್ಟಿ. ಕೇರಳದ ಕೋಳಿಕ್ಕೋಡಿನ ಲ್ಯಾಬೊಂದರಲ್ಲಿ ಎರಡು ವರ್ಷ ಕೆಲಸ ಮಾಡುವಾಗ ಹಿಡಿಸಿಕೊಂಡ ಹುಚ್ಚಂತೆ. ಸಮುದ್ರದ ಉಪ್ಪಿನ ಪುಡಿಯನ್ನು ನೀರಿಗೆ ಕಲಸಿದಳು, ಪಂಪು ಹಾಕಿದಳು, ನೀಲಿ ಲೈಟು ಹಾಕಿದಳು. ನೀರು ಹದಕ್ಕೆ ಬರಲಿ ಎಂದು ಒಂದು ತಿಂಗಳು ಬರೀ ಕಲ್ಲು ನೋಡಿಕೊಂಡು ಕೂತಳು. ಆಮೇಲೆ ಕೋಳಿಕ್ಕೋಡಿನಿಂದ ಬರುವ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯೊಂದು ಬಂತು.

"ಹವಳ," ಎಂದಳು.

ಹವಳ ಎಂದರೆ ನನಗೆ ಗೊತ್ತಿದ್ದದ್ದು ತಾಳಿಯ ಪಕ್ಕ ಪೋಣಿಸುವ ಕೆಂಪು ಮಣಿ. ಈ ಪೆಟ್ಟಿಗೆಯಲ್ಲಿದ್ದವು ಕಲ್ಲಿಗೆ ಅಂಟಿದ ಮೆತ್ತನೆಯ ಮುದ್ದೆಗಳು. "ಇವು ಮೆತ್ತನೆ ಜಾತಿ ಟೀಚರಮ್ಮ, ಟ್ಯಾಂಕಲ್ಲೇ ಬೆಳ್ಸಿರೋವು. ನೋಡಕ್ಕೆ ಹೂವಿನಂಗವೆ, ಆದ್ರೆ ಪ್ರಾಣಿ. ಗಟ್ಟಿ ಜೀವ. ಸಲ್ಪ ಏರುಪೇರಾದ್ರೂ ತಡ್ಕತವೆ, ಅದ್ಕೇ ಹೊಸಬ್ರಿಗೆ ಇವನ್ನೇ ಕೊಡದು." ಸಮುದ್ರ ನೋಡಬೇಕಾದರೆ ಹೋಗಿ ನೋಡಿಕೊಂಡು ಬರಬಾರದೇ, ಅದನ್ನು ತಂದು ಗಾಜಿನೊಳಗೆ ಕೂರಿಸಿ ಕರೆಂಟು ಸುಡುವುದೇನು ಎಂದು ನಾನು ಬೈದೆ. ಅವಳು ನಕ್ಕಳು.

ಬೈದವಳೇ ಒಂದು ತಿಂಗಳಲ್ಲಿ ಸಂಜೆ ಶಾಲೆಯಿಂದ ಬಂದು ಸೀರೆ ಬದಲಿಸುವ ಮೊದಲೇ ಅವಳ ರೂಮಿಗೆ ಹೋಗಿ ಕೂರತೊಡಗಿದೆ. ಕಲ್ಲಿನ ಮೇಲೆ ಗರಿಕೆಯಂತೆ ಹಬ್ಬಿದ ಹಸಿರು ಹವಳ ಒಂದು. ಅಂಗಿಯ ಗುಂಡಿಗಳಂತಹ ಕಿತ್ತಳೆ ಬಣ್ಣದವು ಹದಿನೆಂಟು, ಎಣಿಸಿದ್ದೇನೆ. ಎಳೆಗೂಸು ಮುಷ್ಟಿ ಬಿಚ್ಚಿ ಮುಚ್ಚಿ ಮಾಡುವಂತೆ ದಿನವಿಡೀ ಬಿಚ್ಚಿ ಮುಚ್ಚಿ ಮಾಡುವ ಬಿಳಿಯದೊಂದು. ನಡುವೆ ದೊಡ್ಡ ಅಣಬೆಯಂತಹ ಕಂದು ಹವಳ. ನಾವು ಅದನ್ನು ಅಣಬೆ ಎಂದೇ ಕರೆದೆವು. ಅದು ಆಗಾಗ ಮುದುರಿಕೊಂಡು ನಾಲ್ಕೈದು ದಿನ ಮುನಿಸಿಕೊಂಡಂತೆ ಕೂತು, ಮೇಲಿನ ತೆಳು ಪೊರೆ ಬಿಟ್ಟು, ಮೊದಲಿಗಿಂತ ಚೆನ್ನಾಗಿ ಅರಳುತ್ತಿತ್ತು. ಇವುಗಳ ಜೊತೆ ಪಟ್ಟೆಪಟ್ಟೆಯ ಎರಡು ಮೀನು, ಒಂದು ಸೀಗಡಿ, ಗಾಜು ಉಜ್ಜಲು ಐದು ಬಸವನಹುಳು.

ಕಳೆದ ಜೂನಿನಲ್ಲಿ ಅವಳಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ಅಲ್ಲಿ ಇನ್ನಿಬ್ಬರ ಜೊತೆ ಸಣ್ಣ ರೂಮು. ಟ್ಯಾಂಕು ಇಡಲು ಜಾಗವಿಲ್ಲ, ಕರೆಂಟು ಹೋದರೆ ಬ್ಯಾಟರಿ ಇಲ್ಲ. ಮಾರಿಬಿಡುತ್ತೇನೆ ಎಂದಾಗ ನಾನು ರೇಗಿದೆ. "ನಾನೇನ್ ಸತ್ತೋಗಿದ್ದೀನಾ? ಇಲ್ಲೇ ಇರ್ಲಿ. ವಾರಕ್ಕೊಂದ್ ಸಲ ಬಂದು ನೋಡ್ಕಂಡು ಹೋಗು," ಎಂದೆ. ಟ್ಯಾಂಕು ಇರುವ ತನಕ ಅವಳು ಬರುತ್ತಾಳೆ, ಟ್ಯಾಂಕು ಹೋದರೆ ಅವಳು ಬರಲು ಕಾರಣವೇ ಇಲ್ಲ. ಈ ಲೆಕ್ಕ ನನಗೆ ಆಗಲೇ ಸ್ಪಷ್ಟವಿತ್ತು. ರೂಮನ್ನು ಬೇರೆಯವರಿಗೆ ಕೊಡಲಿಲ್ಲ.

ಅವಳು ಎಲ್ಲವನ್ನೂ ಬರೆದುಕೊಟ್ಟು ಹೋದಳು. ದಿನಾ ಗಾಜಿನ ಮೇಲಿನ ಗೆರೆಯವರೆಗೆ ನೀರು ತುಂಬಿಸಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ, ಆದ್ದರಿಂದ ಉಪ್ಪುನೀರು ಹಾಕಕೂಡದು. ಬೋರ್‌ವೆಲ್ ನೀರು ಬೇಡವೇ ಬೇಡ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದೇ ಆಗಬೇಕು. ನಾನು ಒಂದು ಅಕ್ಷರ ತಪ್ಪದೆ ಪಾಲಿಸಿದೆ. ಬೆಳಿಗ್ಗೆ ಎಂಟಕ್ಕೆ ಲೈಟು ಹತ್ತುತ್ತಿತ್ತು, ಎಂಟೂವರೆಗೆ ಹಾಜರಿ ತೆಗೆದುಕೊಳ್ಳುತ್ತಿದ್ದೆ. ಅಣಬೆ, ಗುಂಡಿಗಳು, ಮುಷ್ಟಿ, ಗರಿಕೆ. ಎಲ್ಲವೂ ಹಾಜರ್. ಶನಿವಾರ ನಾಗಮಣಿ ಬಂದು ನೀರು ಪರೀಕ್ಷೆ ಮಾಡಿ, ರಾತ್ರಿ ಊಟ ಮಾಡಿ, ಉಳಿದು, ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದಳು. ಎಂಟು ತಿಂಗಳು ಹೀಗೇ ನಡೆಯಿತು. ನನ್ನ ಬದುಕಿನಲ್ಲಿ ವಾರಕ್ಕೆ ಒಂದು ದಿನ ಇದೆ ಅನ್ನಿಸಿದ್ದು ಆಗಲೇ.

ಶಿವರಾತ್ರಿಯ ಬೆಳಿಗ್ಗೆ ಬಿಂದಿಗೆ ಬೆಳಗುತ್ತಿದ್ದೆ. ಪಕ್ಕದಲ್ಲಿ ಟ್ಯಾಂಕಿನ ನೀರಿನ ಕ್ಯಾನು ಇತ್ತು. ಒಳಗೆ ಹಸಿರು ಪಾಚಿಯ ವಾಸನೆ. ಪ್ಲಾಸ್ಟಿಕ್ಕಿನಲ್ಲಿ ವಾರಗಟ್ಟಲೆ ನಿಂತ ನೀರನ್ನು ನಾನೇ ಕುಡಿಯುವುದಿಲ್ಲ, ಬಾಯಿಲ್ಲದ ಜೀವಗಳಿಗೆ ಹಾಕುತ್ತಿದ್ದೇನಲ್ಲ ಎಂದು ಮನಸ್ಸಿಗೆ ಚುಚ್ಚಿತು. ಆ ದಿನದಿಂದ ಘಟಕದ ನೀರನ್ನೇ ತಂದು ರಾತ್ರಿ ಬಿಂದಿಗೆಗೆ ತುಂಬಿಸಿದೆ. ಬೆಳಿಗ್ಗೆ ಬಿಂದಿಗೆಯ ಮೊದಲ ನೀರು ಟ್ಯಾಂಕಿಗೆ, ಆಮೇಲೆ ನನಗೆ. ಅವ್ವ ಮನೆದೇವರಿಗೆ ಹಾಗೆ ಮಾಡುತ್ತಿದ್ದಳು. ಒಳ್ಳೆಯದೊಂದನ್ನು ಮಾಡಿದೆ ಎಂಬ ಖುಷಿ ನನಗೆ. ನಾಗಮಣಿಗೆ ಹೇಳಲಿಲ್ಲ, ಜಂಬ ಕೊಚ್ಚಿಕೊಂಡಂತೆ ಆಗುತ್ತದೆಂದು.

ಮಾರ್ಚಿನ ಮೊದಲೆರಡು ಶನಿವಾರ ಅವಳಿಗೆ ಡ್ಯೂಟಿ ಬಿತ್ತು. ಅದೇ ಹೊತ್ತಿಗೆ ಅಣಬೆ ಮುದುರಿಕೊಂಡಿತು. ಪೊರೆ ಬಿಡುತ್ತದೆ, ಬಿಡಲಿ ಎಂದುಕೊಂಡೆ. ಆಮೇಲೆ ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಉದುರಿದವು. ಸೀಗಡಿ ಕಾಣಿಸಲಿಲ್ಲ. ಮುಷ್ಟಿ ಬಿಚ್ಚುವುದು ನಿಂತಿತು. ಗರಿಕೆಯ ಹಸಿರೆಲ್ಲ ಒಳಗೆ ಸೇರಿ ಕಲ್ಲಿಗೆ ಅಂಟಿದ ನೇರಳೆ ಚರ್ಮವಷ್ಟೇ ಉಳಿಯಿತು. ಹದಿನೆಂಟು ಗುಂಡಿಗಳಲ್ಲಿ ಒಂದೂ ಬಿಚ್ಚಲಿಲ್ಲ. ಹಾಜರಿ ಕೂಗಿದರೆ ತರಗತಿಯೇ ಖಾಲಿ. ನಾನು ಗಾಬರಿಯಾಗಿ ಇನ್ನಷ್ಟು ಶ್ರದ್ಧೆಯಿಂದ ಬಿಂದಿಗೆ ಬೆಳಗಿದೆ, ಇನ್ನಷ್ಟು ಹೊಸ ನೀರು ಹಾಕಿದೆ.

ನಾಗಮಣಿ ಫೋನ್ ಮಾಡಿದಳು. "ಹೆಂಗವೆ ಟೀಚರಮ್ಮ ಎಲ್ಲ?"

"ಚೆನ್ನಾಗವೆ ಕಣಮ್ಮಿ. ಅಣಬೆ ಒಂದು ಪೊರೆ ಬುಡ್ತಾ ಅದೆ ಅಂತ ಕಾಣ್ತದೆ."

ಹಸಿ ಸುಳ್ಳು. ನಿಜ ಹೇಳಿದರೆ ಟ್ಯಾಂಕನ್ನು ತೆಗೆದುಕೊಂಡು ಹೋಗುತ್ತಾಳೆಂಬ ಭಯ. ಮಕ್ಕಳು ಹೋಂವರ್ಕ್ ಮಾಡದೆ ಪುಸ್ತಕ ಮನೆಯಲ್ಲಿ ಬಿಟ್ಟು ಬಂದೆ ಅನ್ನುತ್ತಾರಲ್ಲ, ಅದೇ ಧಾಟಿಯಲ್ಲಿ ಹೇಳಿದ್ದೆ.

ಮೂರನೆಯ ಶನಿವಾರ ಬಂದಳು. ಚಪ್ಪಲಿ ಬಿಡುವಾಗಲೇ ವಾಸನೆ ಬಡಿದಿರಬೇಕು, ನನ್ನ ಮುಖ ನೋಡದೆ ಒಳಗೆ ಹೋದಳು. ಟ್ಯಾಂಕಿನ ಮುಂದೆ ಮಂಡಿಯೂರಿ ಬಹಳ ಹೊತ್ತು ಕೂತಳು. ಕೈ ಹಾಕಿ ಅಣಬೆಯನ್ನು ಮುಟ್ಟಿದಳು. ಅದೊಂದರ ಬುಡದಲ್ಲಿ ಇನ್ನೂ ಬಿಗಿ ಇತ್ತು. ಮಿಕ್ಕವು ಮುಟ್ಟಿದರೆ ಲೋಳೆಯಾಗಿ ಬಂದವು. ಮೀನುಗಳು ಮಾತ್ರ ಏನೂ ಆಗದವರಂತೆ ಓಡಾಡುತ್ತಿದ್ದವು.

"ಮೀನು ಚೆನ್ನಾಗವೆ. ಮಿಕ್ಕಿದ್ದೆಲ್ಲ ಹೋಗವೆ," ಎಂದಳು ತನ್ನಷ್ಟಕ್ಕೆ. ಆಮೇಲೆ ನನ್ನ ಕಡೆ ತಿರುಗಿ, "ನೀರು ಯಾವ್ದು ಹಾಕುದ್ರಿ?"

"ಘಟಕದ್ದೇ. ಬೇರೆ ಒಂದು ತೊಟ್ಟೂ ಹಾಕಿಲ್ಲ. ಅವ್ವನ ಆಣೆ."

ಅವಳು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಒಂದು ಲೋಟ ನೀರು ಕುಡಿಯಲು ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬಾಯಿ ಒರೆಸಿಕೊಳ್ಳುತ್ತ ಬಂದು, "ಈ ಸಲದ ಉಪ್ಪು ಸರಿ ಇರ್ನಿಲ್ಲ ಅನ್ಸುತ್ತೆ. ನಿಮ್ದೇನೂ ತಪ್ಪಿಲ್ಲ ಬುಡಿ," ಎಂದಳು. ಹೊಸ ಉಪ್ಪುನೀರು ಕಲಸಿ, ಅಣಬೆಯನ್ನು ಒಂದು ಡಬ್ಬಿಗೆ, ಮೀನುಗಳನ್ನು ಇನ್ನೊಂದಕ್ಕೆ ಹಾಕಿಕೊಂಡಳು. ಊಟಕ್ಕೆ ಕರೆದೆ. ಹಸಿವಿಲ್ಲ ಎಂದಳು. ಉಳಿದುಕೋ ಎಂದೆ. ನಾಳೆ ಕೆಲಸವಿದೆ ಎಂದಳು. ಗೇಟಿನ ಚಿಲಕ ಹಾಕಿಕೊಂಡು ಹೊರಟುಹೋದಳು.

ಆಮೇಲೆ ಏಳು ಶನಿವಾರ ಬರಲಿಲ್ಲ. ಮೊದಮೊದಲು ಫೋನಾದರೂ ಬರುತ್ತಿತ್ತು, ಊಟ ಆಯ್ತಾ ಟೀಚರಮ್ಮ, ಆಯ್ತು ಕಣಮ್ಮಿ, ಅಷ್ಟೇ. ಕೊನೆಗೆ ಅದೂ ಇಲ್ಲ. ತಪ್ಪು ಅವಳದೇನು? ನೋಡಲಿಕ್ಕೆ ಏನಿದೆ ಇಲ್ಲಿ? ಶಾಲೆಗೆ ರಜೆ ಬಂತು. ಬೇಸಿಗೆ ರಜೆಯಲ್ಲಿ ಮನೆ ಎಷ್ಟು ದೊಡ್ಡದೆಂದು ಒಂಟಿ ಟೀಚರಿಗೆ ಮಾತ್ರ ಗೊತ್ತು. ಬೆಳಿಗ್ಗೆ ಎಂಟಕ್ಕೆ ಸತ್ತ ಟ್ಯಾಂಕಿನ ಮೇಲೆ ನೀಲಿ ಲೈಟು ಹತ್ತುತ್ತಿತ್ತು. ಅದನ್ನು ಆರಿಸಲು ಕೈ ಬರುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿರುವಾಗ ಕಾರಣವಿಲ್ಲದೆ ಅಳು ಬಂತು, ಅತ್ತೆ. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಸೆರಗಿನಿಂದ ಮುಖ ಮುಚ್ಚಿಕೊಳ್ಳುವ ಕಷ್ಟವೂ ಬೇಕಾಗಲಿಲ್ಲ.

ಮೇ ತಿಂಗಳಲ್ಲಿ, ಈ ಪಾಪದ ತೊಟ್ಟಿ ಕಣ್ಣೆದುರು ಬೇಡವೆಂದು, ಬಣ್ಣದ ಮೀನು ಮಾರುವ ಶಾಂತರಾಜುವಿಗೆ ಹೇಳಿ ಕಳಿಸಿದೆ. ನನ್ನ ಹಳೆಯ ವಿದ್ಯಾರ್ಥಿ. ಒತ್ತಕ್ಷರ ಕೊನೆಗೂ ಬರಲಿಲ್ಲ, ಮೀನಿನ ವಿಷಯ ಮಾತ್ರ ಪೂರ್ತಿ ಬರುತ್ತದೆ. ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿ ಏನಾಯಿತೆಂದು ಕೇಳಿದ. ಹೇಳಿದೆ.

"ಮೀನು ಉಳ್ಕಂಡು ಮಿಕ್ಕಿದ್ದೆಲ್ಲ ಓದ್ವಾ ಟೀಚರಮ್ಮ? ಅಂಗಾರೆ ತಾಮ್ರ ಕಣಮ್ಮ."

"ಏನ್ಲಾ ತಾಮ್ರ?"

"ಮೀನ್ಗೆ ಚುಕ್ಕೆ ರೋಗ ಬಂದ್ರೆ ತಾಮ್ರದ ಔಸ್ದಿ ಹಾಕ್ತೀವಿ. ಮೀನು ಉಸಾರಾಯ್ತದೆ. ಅದೇ ನೀರ್ನಲ್ಲಿ ಹವಳ, ಸೀಗಡಿ, ಬಸವನುಳ ಇದ್ರೆ ಒಂದೂ ಉಳಿಯಲ್ಲ. ಒಂದ್ ಚಿಟಿಕೆ ಸಾಕು. ತಾಮ್ರದ ವೈರು ಗಿಯ್ರು ಏನಾದ್ರೂ ಒಳೀಕೆ ಬಿದ್ದಿತ್ತಾ ನೋಡಿ."

ವೈರು ಬಿದ್ದಿರಲಿಲ್ಲ. ನಾನು ರೂಮಿನ ಬಾಗಿಲಿನಿಂದಲೇ ಕಾಣುವ ಅಡುಗೆಮನೆಯತ್ತ ನೋಡಿದೆ. ಹಿಂದಿನ ದಿನವಷ್ಟೇ ಬೆಳಗಿದ ಬಿಂದಿಗೆ ಕಿಟಕಿಯ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಟ್ಯಾಂಕಿಗೆ ನೀರು ಹಾಕುವ ನೀಲಿ ಜಗ್ಗು. ಎರಡೂ ಅಲ್ಲೇ, ಒಂದರ ಪಕ್ಕ ಒಂದು, ಶಿವರಾತ್ರಿಯಿಂದ ಇದ್ದಲ್ಲೇ ಇದ್ದವು. ಅಂದರೆ ನಾಗಮಣಿ ನೀರು ಕುಡಿಯಲು ಹೋದಾಗಲೂ ಇದ್ದವು. ಕುರ್ಚಿ ಎಳೆದುಕೊಂಡು ಕೂತೆ.

"ಟ್ಯಾಂಕ್ ಕೊಡಲ್ಲ, ಹೋಗಪ್ಪ," ಎಂದೆ ಶಾಂತರಾಜುವಿಗೆ. ಅವನು ತಲೆ ಕೆರೆದುಕೊಂಡು ಹೋದ.

ಭಾನುವಾರ ಬೆಳಿಗ್ಗೆಯ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವ ತನಕ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ದಾಟಿದ ಮೇಲೆ ಎಲ್ಲ ಮರೆತಿತ್ತು. ಚಾಮರಾಜನಗರದಲ್ಲಿ ಅವಳ ರೂಮು ಮೇಲಿನ ಮಹಡಿ. ಜೊತೆಯ ಇಬ್ಬರು ಊರಿಗೆ ಹೋಗಿದ್ದರು. ಬಾಗಿಲು ತೆರೆದವಳು ಒಂದು ಕ್ಷಣ ನನ್ನನ್ನು ಗುರುತೇ ಹಿಡಿಯದವಳಂತೆ ನಿಂತಳು. ನಾನು ಅವಳ ಬಾಗಿಲಿಗೆ ಹೋಗಿದ್ದು ಅದೇ ಮೊದಲು. ಅಷ್ಟೂ ತಿಂಗಳು ಬರೀ ಅವಳು ಬರಲೆಂದು ಕಾದಿದ್ದೆನೇ ಹೊರತು ನಾನೂ ಹೋಗಬಹುದೆಂದು ಹೊಳೆದಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಬಕೆಟ್ಟಿನಷ್ಟು ನೀರು ಹಿಡಿಯುವ ಗಾಜಿನ ಡಬ್ಬಿ. ಮೀನು ಇರಲಿಲ್ಲ, ಅವನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ನಡುವೆ ಅಣಬೆ. ಅಂಗೈ ಅಗಲ ಇದ್ದದ್ದು ಈಗ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಆದರೆ ಅರಳಿತ್ತು. ಎಳೆಎಳೆಯಾಗಿ ಚಿಕ್ಕ ಬೆರಳುಗಳನ್ನು ಹೊರಗೆ ಚಾಚಿಕೊಂಡು ನೀರಿನ ಜೊತೆ ಅಲ್ಲಾಡುತ್ತಿತ್ತು.

"ಕೆಟ್ಟೋಗಿದ್ನೆಲ್ಲ ಬ್ಲೇಡಲ್ಲಿ ಕುಯ್ದು ತೆಗ್ದೆ. ಇಷ್ಟು ಉಳ್ಕಂಡದೆ," ಎಂದಳು.

"ನಾಗಮಣಿ, ಆ ನೀರ್ನ ನಾನು ಬಿಂದಿಗೇಲಿ ಇಟ್ಟು ಹಾಕ್ತಿದ್ದೆ."

"ಗೊತ್ತು ಟೀಚರಮ್ಮ."

"ಯಾವತ್ತಿಂದ?"

"ಅವತ್ತೇ. ಬಿಂದಿಗೆ ಪಕ್ಕದಲ್ಲೇ ಜಗ್ ಇತ್ತಲ್ಲ."

"ಗೊತ್ತಿದ್ದೂ ಅದ್ರಲ್ಲೇ ನೀರು ಕುಡ್ದು ಬಂದ್ಯಾ?"

"ಮನುಷ್ರಿಗೇನಾಗ್ತದೆ? ಒಳ್ಳೇದೇ ತಾನೆ."

ನನಗೆ ಎಲ್ಲಿಲ್ಲದ ಕೋಪ ಬಂತು. ಕ್ಷಮೆ ಕೇಳಲು ಹೋದವಳು ಕೂಗಾಡಿದೆ. "ಇಪ್ಪತ್ತೆಂಟು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳ್ಕಂಡು ಬಂದೋಳು ನಾನು. ನನ್ ತಪ್ಪನ್ನ ನನ್ಗೇ ಮುಚ್ಚಿಡ್ತೀಯಾ? ಬೈದಿದ್ರೆ ಬೈಸ್ಕತಿದ್ದೆ. ಏಳು ವಾರ ಕಣಮ್ಮಿ. ಏಳು ವಾರ ಗೇಟ್ ನೋಡ್ಕಂಡು ಕೂತಿದ್ದೀನಿ. ಒಂದ್ ಮಾತು ಹೇಳಾಕೆ ಏನಾಗಿತ್ತು ನಿಂಗೆ?"

ಅವಳು ನೆಲ ನೋಡುತ್ತ ಕೂತಿದ್ದಳು. "ಕೋಪ ಬಂದಿತ್ತು. ಸುಳ್ಳು ಯಾಕೆ ಹೇಳ್ಲಿ, ಬಸ್ಸಲ್ಲಿ ಅತ್ಕಂಡೇ ಬಂದೆ. ಡಬ್ಬಿ ಎತ್ತಿ ರೋಡಿಗೆ ಎಸೀಬೇಕು ಅನ್ನುಸ್ತು. ಆದ್ರೆ ಆ ಬಿಂದಿಗೇನ ಹೆಂಗೆ ಬಯ್ಯದು ಟೀಚರಮ್ಮ? ನಿಮ್ಮನೆಗೆ ಬರಕ್ಕೆ ಮುಂಚೆ ಗುಂಡ್ಲುಪೇಟೇಲಿ ನಾಕು ಮನೆ ನೋಡಿದ್ದೆ. ಒಂದ್ಕಡೆ ನೀರು ಕೇಳುದ್ರೆ ಅಂಗ್ಡಿಯಿಂದ ಬಾಟ್ಲಿ ತರ್ಸಿಕೊಟ್ರು. ನೀವು ಅದ್ರಿಂದ ಕೊಟ್ರಿ."

ಅಣಬೆಯ ಕಡೆ ನೋಡುತ್ತ ಮತ್ತೆ ಅಂದಳು. "ನಿಮ್ ಕೈ ಒಂದ್ ಗಳಿಗೆ ನಿಂತಿತ್ತು. ನಾನು ಕೂತಿದ್ ಕಡೆಯಿಂದ್ಲೇ ನೋಡ್ದೆ. ಬಾಟ್ಲೀನೂ ಅಲ್ಲೇ ಇತ್ತು. ಆಮೇಲೆ ಬಿಂದಿಗೆಯಿಂದ್ಲೇ ಕೊಟ್ರಿ. ಅದ್ರ ನೀರಿಂದ ಸತ್ತೋದ್ವು ಅಂತ ನನ್ ಬಾಯಲ್ಲಿ ಬರ್ನಿಲ್ಲ. ನಿಮ್ ಮುಂದೆ ಕೂತ್ರೆ ಎಲ್ಲಿ ಅಂದ್ಬುಡ್ತೀನೋ ಅಂತ ಬರದನ್ನೇ ನಿಲ್ಲುಸ್ದೆ."

ನೋಡಿದ್ದಳು. ಆ ಒಂದು ಗಳಿಗೆ ನನ್ನೊಬ್ಬಳ ಗುಟ್ಟು ಎಂದುಕೊಂಡು ನಾಲ್ಕು ವರ್ಷ ಇಟ್ಟುಕೊಂಡಿದ್ದೆ. ಅದು ಮೊದಲ ದಿನದಿಂದ ಅವಳ ಹತ್ತಿರವೂ ಇತ್ತು. ಅದನ್ನು ಇಟ್ಟುಕೊಂಡೇ ಅವಳು ನನ್ನ ಜೊತೆ ಉಂಡಿದ್ದಳು, ನಕ್ಕಿದ್ದಳು, ಶನಿವಾರಗಳನ್ನು ಕೊಟ್ಟಿದ್ದಳು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳು ಎದ್ದು ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ಕುಡಿದು, ಇನ್ನೊಂದು ಲೋಟ ಕೇಳಿದೆ.

ಹೊರಡುವಾಗ ಡಬ್ಬಿಯ ಕಡೆ ನೋಡಿದೆ. "ಒಂದ್ ಚೂರು ಕೊಡ್ತೀಯಾ?"

"ಈಗ ಕುಯ್ದ್ರೆ ಸತ್ತೋಗ್ತದೆ. ಮೂರಿಂಚು ಆಗ್ಲಿ. ಆಮೇಲೆ ಕುಯ್ದು ಕಲ್ಲಿಗೆ ಅಂಟಿಸ್ಕೊಡ್ತೀನಿ."

"ಎಷ್ಟ್ ದಿನ ಆಯ್ತದೆ?"

"ವರ್ಷ ಆಗ್ಬೋದು. ನೀವು ಆ ಟ್ಯಾಂಕಿನ ಕಲ್ಲು, ನೀರು ಎಲ್ಲ ತೆಗ್ದು ಹಾಕ್ಬುಡಿ. ಹೊಸ ಕಲ್ಲು, ಹೊಸ ಉಪ್ಪು ಹಾಕಿ ಸುಮ್ನೆ ಓಡಿಸ್ತಾ ಇರಿ. ನೀರು ಹದಕ್ಕೆ ಬರ್ಬೇಕಲ್ಲ." ಬಾಗಿಲ ತನಕ ಬಂದಳು. "ಬರ್ತೀನಿ ಟೀಚರಮ್ಮ," ಎಂದಳು. ಯಾವ ಶನಿವಾರವೆಂದು ಹೇಳಲಿಲ್ಲ.

ಈಗ ಟ್ಯಾಂಕಿನಲ್ಲಿ ಹೊಸ ಕಲ್ಲು, ಹೊಸ ನೀರು, ನೀಲಿ ಲೈಟು ಇವೆ. ಜೀವ ಒಂದೂ ಇಲ್ಲ. ದಿನಾ ಗೆರೆಯವರೆಗೆ ನೀರು ತುಂಬಿಸುತ್ತೇನೆ, ಪ್ಲಾಸ್ಟಿಕ್ ಕ್ಯಾನಿನದೇ. ಪ್ರತಿ ಶನಿವಾರ ನಾಗಮಣಿ ಅಣಬೆಯ ಪಕ್ಕ ಸ್ಕೇಲು ಹಿಡಿದು ಫೋಟೋ ಕಳಿಸುತ್ತಾಳೆ. ಕಳೆದ ವಾರ ಒಂದು ಇಂಚಿಗೆ ಒಂದು ಗೆರೆ ಕಡಿಮೆ ಇತ್ತು.

ಬಿಂದಿಗೆಯನ್ನು ಅಟ್ಟಕ್ಕೆ ಹಾಕಲು ಒಮ್ಮೆ ಎತ್ತಿದ್ದೆ, ಮತ್ತೆ ಅಲ್ಲೇ ಇಟ್ಟೆ. ಸೋಮವಾರ ಬೆಳಗುತ್ತೇನೆ. ಶನಿವಾರದ ಬಸ್ಸಿಗೆ ಬಂದರೆ ಅವಳಿಗೆ ಕುಡಿಯಲು ನೀರು ಬೇಕಲ್ಲ ಎಂದು ಶುಕ್ರವಾರ ರಾತ್ರಿ ಮರೆಯದೆ ತುಂಬಿಸಿಡುತ್ತೇನೆ. ಮೊದಲ ಲೋಟವನ್ನು ಅವಳಿಗೆಂದು ತೆಗೆಯದೆ ಹಾಗೇ ಬಿಡುತ್ತೇನೆ. ಮೂರು ವಾರದಿಂದ ಭಾನುವಾರ ಬೆಳಿಗ್ಗೆ ಅದನ್ನೂ ನಾನೇ ಕುಡಿಯುತ್ತಿದ್ದೇನೆ.